ಬಸ್ ಪೋಸ್ಟ್ ಇನ್ಸುಲೇಟರ್ ಲೆಕ್ಕ: ಟ್ಯೂಬಿನಿಂದ ಎರೆ ಮಣ್ಣಿನವರೆಗೆ

ಹೋದ ಬೇಸಿಗೆಯಲ್ಲಿ ಹುಬ್ಬಳ್ಳಿಯ ನಮ್ಮ ಕಚೇರಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಲೆಕ್ಕದ ಹಾಳೆ ಹಿಡಿದು ಬಂದ. "ಸರ್, ಇನ್ಸುಲೇಟರ್ ಮ್ಯಾಲೆ 4 ಕಿಲೋನ್ಯೂಟನ್ ಅಂತ ಐತ್ರಿ. ನಮ್ಮ ಲೆಕ್ಕ 3.5 ಬಂತ್ರಿ. ಸಾಕಲ್ರಿ?" ಎಂದ. ಕೂಡಿಸಿದ್ದರಲ್ಲಿ ಒಂದು ತಪ್ಪೂ ಇರಲಿಲ್ಲ. ಆದರೆ ಆ 3.5 ಯಾವ ಜಾಗದಲ್ಲಿ ಬೀಳುತ್ತದೆ, ಆ 4 ಯಾವ ಜಾಗದ್ದು ಎಂದು ಅವನು ಕೇಳಿಕೊಂಡಿರಲಿಲ್ಲ. ಇಬ್ಬರೂ ಕೂತು ಮತ್ತೆ ಲೆಕ್ಕ ಹಾಕಿದೆವು. 3.5 ಇದ್ದದ್ದು 5.7 ಆಯಿತು.

ಆವತ್ತು ಕೂತು ಮಾಡಿದ ಲೆಕ್ಕವನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬಿಚ್ಚಿಡುತ್ತಿದ್ದೇನೆ. ಸಬ್‌ಸ್ಟೇಷನ್ ಡಿಸೈನ್ ಕೆಲಸಕ್ಕೆ ಹೊಸದಾಗಿ ಬಂದವರಿಗೆ, ಯಾರ್ಡಿನಲ್ಲಿ, ಅಂದರೆ ಸಬ್‌ಸ್ಟೇಷನ್ನಿನ ಬಯಲಿನಲ್ಲಿ, ನಿಂತು ಕೆಲಸ ಮಾಡಿಸುವ ಸೈಟ್ ಎಂಜಿನಿಯರುಗಳಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಯಾರ್ಡಿಗೆ ಹೋದರೆ ಕಾಣುವುದು ಇಷ್ಟು. ಕೆಳಗೆ ಕಾಂಕ್ರೀಟ್ ಪಾಯಾ. ಅದರ ಮೇಲೆ ಸತು ಲೇಪಿಸಿದ ಉಕ್ಕಿನ ಸ್ಟ್ರಕ್ಚರ್. ಅದರ ಮೇಲೆ ಕಂದು ಬಣ್ಣದ ಪಿಂಗಾಣಿ, ಯಾರ್ಡಿನ ಮಾತಿನಲ್ಲಿ ಬಿಪಿಐ, ಅಂದರೆ ಬಸ್ ಪೋಸ್ಟ್ ಇನ್ಸುಲೇಟರ್. ಅದರ ತಲೆಯ ಮೇಲೊಂದು ಕ್ಲ್ಯಾಂಪ್. ಕ್ಲ್ಯಾಂಪಿನಲ್ಲಿ ಕರೆಂಟು ಹರಿಯುವ ಅಲ್ಯೂಮಿನಿಯಂ ಟ್ಯೂಬ್, ಅದೇ ಬಸ್. ಟ್ಯೂಬಿನ ಮೇಲೆ ಬಿದ್ದ ಬಲ ಕ್ಲ್ಯಾಂಪ್, ಪಿಂಗಾಣಿ, ಉಕ್ಕು, ಬೋಲ್ಟ್, ಕಾಂಕ್ರೀಟ್ ಎಲ್ಲವನ್ನೂ ದಾಟಿ ಮಣ್ಣು ಸೇರಬೇಕು. ಒಂದೊಂದು ಕಡೆ ಇಳಿದಾಗಲೂ ತೋಳಿನ ಉದ್ದ, ಅಂದರೆ ಬಲ ಬೀಳುವ ಜಾಗ ಬುಡದಿಂದ ಎಷ್ಟು ಎತ್ತರ ಎನ್ನುವುದು, ಬದಲಾಗುತ್ತದೆ, ಮಾನದಂಡವೂ ಬದಲಾಗುತ್ತದೆ. ನಾನು ನೋಡಿದ ತಪ್ಪುಗಳಲ್ಲಿ ಹೆಚ್ಚಿನವು ಲೆಕ್ಕದ ನಡುವೆ ಆದವಲ್ಲ. ಒಂದು ಭಾಗದವರು ಕೊಟ್ಟ ಅಂಕಿಯನ್ನು ಇನ್ನೊಂದು ಭಾಗದವರು ಹಾಗೇ ತೆಗೆದುಕೊಂಡ ಜಾಗದಲ್ಲಿ ಆದವು.

ಮೊದಲ ಹೆಜ್ಜೆ: ಯಾವ ಮಾನದಂಡ ಎಂದು ಹಾಳೆಯ ತಲೆಯ ಮೇಲೆ ಬರೆಯಿರಿ

ಗಟ್ಟಿ ಬಸ್ಸಿನ ಡಿಸೈನ್‌ಗೆ ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ಐಇಇಇ 605. ಶಾರ್ಟ್ ಸರ್ಕ್ಯೂಟ್ ಬಲಕ್ಕೆ ಅಂತರರಾಷ್ಟ್ರೀಯ ಮಾನದಂಡ ಐಇಸಿ 60865-1. ಸಬ್‌ಸ್ಟೇಷನ್ನಿನ ಒಟ್ಟು ವ್ಯವಸ್ಥೆಗೆ, ಯಾವ ಹೊರೆಯ ಜೊತೆ ಯಾವುದನ್ನು ಕೂಡಿಸಬೇಕು ಎನ್ನುವುದಕ್ಕೆ ಐಇಸಿ 61936-1. ಇನ್ನು ನಮ್ಮ ನೆಲದ ಗಾಳಿಗೆ ಭಾರತೀಯ ಮಾನದಂಡ ಐಎಸ್ 875 ಭಾಗ 3 (2015), ಭೂಕಂಪಕ್ಕೆ ಐಎಸ್ 1893, ಉಕ್ಕಿಗೆ ಐಎಸ್ 800 (2007). ಪಿಂಗಾಣಿ ಪೋಸ್ಟ್ ಇನ್ಸುಲೇಟರ್‌ಗೆ ಐಎಸ್ 2544. ಅದರ ಅಳತೆ ಮತ್ತು ಬಲದ ವರ್ಗಗಳಿಗೆ ಐಇಸಿ 60273. ಇವೆಲ್ಲದರ ಜೊತೆಗೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮಗಳು ಕಾನೂನಿನ ಬಲ ಇರುವಂಥವು. ಅವನ್ನು ಬಿಡುವ ಹಾಗೇ ಇಲ್ಲ.

ಇಷ್ಟು ಪುಸ್ತಕ ಇದ್ದಾಗ ಒಂದರಿಂದ ಗಾಳಿ, ಇನ್ನೊಂದರಿಂದ ರಕ್ಷಣಾ ಗುಣಕ, ಮತ್ತೊಂದರಿಂದ ಹೊರೆಗಳ ಜೋಡಣೆ ಎಂದು ಆರಿಸಿಕೊಳ್ಳುವ ಆಸೆ ಬರುತ್ತದೆ. ಹಾಗೆ ಮಾಡಬೇಡಿ. ಉದಾಹರಣೆಗೆ ಐಎಸ್ 875 ಮತ್ತು ಟವರುಗಳಿಗಿರುವ ಐಎಸ್ 802 ಎರಡೂ ಒಂದೇ ಗಾಳಿ ನಕ್ಷೆಯಿಂದ ಹೊರಡುತ್ತವೆ. ಆದರೆ ಐಎಸ್ 802 ಆ 3 ಸೆಕೆಂಡಿನ ಬೀಸನ್ನು 1.375ರಿಂದ ಭಾಗಿಸಿ 10 ನಿಮಿಷದ ಸರಾಸರಿ ಮಾಡಿಕೊಳ್ಳುತ್ತದೆ. ಆಮೇಲೆ ಬೇರೊಂದು ಗುಣಕದಿಂದ ಅದನ್ನು ಮೇಲೆತ್ತುತ್ತದೆ. ಅಲ್ಲಿನ ಇಳಿಸಿದ ವೇಗವನ್ನು ಇಲ್ಲಿನ ಸೂತ್ರಕ್ಕೆ ಹಾಕಿದರೆ ಗಾಳಿಯ ಬಲ ಸುಮಾರು ಅರ್ಧಕ್ಕೆ ಇಳಿದುಬಿಡುತ್ತದೆ. ಹಾಳೆ ನೋಡಲು ಮಾತ್ರ ಸರಿಯಾಗೇ ಇರುತ್ತದೆ.

ಎರಡನೆಯದು: ಇನ್ಸುಲೇಟರಿನ ಹೆಸರು ಓದಿ

ನಮ್ಮ ಉತ್ತರ ಕರ್ನಾಟಕದ ಕಡೆ 110 ಕೆವಿ ಯಾರ್ಡುಗಳು ಬಹಳ. ಬೆಂಗಳೂರು, ಮೈಸೂರು ಕಡೆ 66 ಕೆವಿ ಮಾಡುವ ಕೆಲಸವನ್ನು ಇಲ್ಲಿ 110 ಮಾಡುತ್ತದೆ. ಹಾಗಾಗಿ ಅದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

110 ಕೆವಿಗೆ ಸಾಮಾನ್ಯವಾಗಿ ಕಾಣುವ ಹೆಸರು ಸಿ4-550. ಇದರಲ್ಲಿ 550 ಎಂದರೆ ಸಿಡಿಲಿನಂಥ ಹಠಾತ್ ವೋಲ್ಟೇಜನ್ನು ತಡೆಯುವ ಮಟ್ಟ, ಕಿಲೋವೋಲ್ಟಿನಲ್ಲಿ. ನಮಗೆ ಈಗ ಬೇಕಾದದ್ದು ಆ 4. ಇನ್ಸುಲೇಟರನ್ನು ನೆಟ್ಟಗೆ ನಿಲ್ಲಿಸಿ, ಬುಡ ಬಿಗಿ ಮಾಡಿ, ತಲೆಯ ಲೋಹದ ಫ್ಲ್ಯಾಂಜಿನ ಮಟ್ಟದಲ್ಲಿ ಅಡ್ಡಡ್ಡ ಎಳೆದರೆ 4 ಕಿಲೋನ್ಯೂಟನ್‌ವರೆಗೆ ಮುರಿಯಬಾರದು ಎಂದು ಅದರ ಅರ್ಥ. ಇದು ಮುರಿಯುವ ಬಲ. ದಿನಾ ಹೊರಿಸಬಹುದಾದ ಬಲ ಅಲ್ಲ. ಸಿ4-550ರ ಎತ್ತರ 1220 ಮಿ.ಮೀ. 220 ಕೆವಿಗೆ ಬರುವ ಸಿ4-1050ರ ಎತ್ತರ 2300 ಮಿ.ಮೀ. ಎರಡರಲ್ಲೂ 4 ಎಂದೇ ಇದೆ. ಎತ್ತರದ್ದರ ಬುಡಕ್ಕೆ ಬೀಳುವ ಬಾಗು (ಬಲ × ತೋಳಿನ ಉದ್ದ) ಮಾತ್ರ ಜಾಸ್ತಿ, ಅದಕ್ಕೇ ಅದರ ಪಿಂಗಾಣಿ ದಪ್ಪ. ಇನ್ನೂ ಗಟ್ಟಿ ಬೇಕಾದರೆ ಸಿ6, ಸಿ8, ಸಿ10 ಇವೆ.

ಪಿಂಗಾಣಿ ಉಕ್ಕಿನ ಹಾಗೆ ಬಾಗಿ ಮುನ್ಸೂಚನೆ ಕೊಡುವುದಿಲ್ಲ. ಸೀದಾ ಮುರಿಯುತ್ತದೆ. ಒಂದೇ ಭಟ್ಟಿಯಿಂದ ಬಂದ ಎರಡು ತುಂಡುಗಳ ಬಲವೂ ಒಂದೇ ಇರುವುದಿಲ್ಲ. ಅದಕ್ಕೇ ಗಾಳಿ ಮತ್ತು ದಿನನಿತ್ಯದ ಹೊರೆಗೆ 2.5ರ ರಕ್ಷಣಾ ಗುಣಕ ಹಿಡಿಯುವುದು ಹಳೆಯ ರೂಢಿ. ಅಂದರೆ ಬರೆದ ಬಲದ ಶೇಕಡ 40 ಮಾತ್ರ ನಮ್ಮದು. ಶಾರ್ಟ್ ಸರ್ಕ್ಯೂಟ್ ಅಪರೂಪಕ್ಕೆ, ಕ್ಷಣಕಾಲ ಬರುವ ಹೊಡೆತ. ಅದಕ್ಕೆ ಗುಣಕ 1ಕ್ಕೆ ಇಳಿಯಬಹುದು.

ಪಾಲಿಮರ್ ಇನ್ಸುಲೇಟರ್ ಆದರೆ ಓದುವ ರೀತಿಯೇ ಬೇರೆ. ಐಇಸಿ 62231 ಪ್ರಕಾರ ತಯಾರಕರು ಎರಡು ಅಂಕಿ ಕೊಡುತ್ತಾರೆ. ಒಂದು ಪರೀಕ್ಷೆಯಲ್ಲಿ ತಡೆಯಬೇಕಾದ ನಿಗದಿತ ಬಲ. ಇನ್ನೊಂದು ಸೇವೆಯಲ್ಲಿ ದಾಟಬಾರದ ಗರಿಷ್ಠ ಡಿಸೈನ್ ಬಲ. ಮೊದಲನೆಯದು ದೊಡ್ಡದು, ಕಣ್ಣಿಗೆ ಬೇಗ ಬೀಳುತ್ತದೆ. ನಿಮಗೆ ಬೇಕಾದದ್ದು ಎರಡನೆಯದು. ಪಾಲಿಮರ್ ಕಂಬ ಮುರಿಯುವ ಮೊದಲು ಚೆನ್ನಾಗಿ ಬಾಗುತ್ತದೆ, ಹಾಗಾಗಿ ತಲೆ ಎಷ್ಟು ಓಲಾಡುತ್ತದೆ ಎನ್ನುವುದನ್ನೂ ನೋಡಬೇಕು.

ಇಲ್ಲೇ ಇನ್ನೊಂದು ಮಾತು. ಹೊಲದ ಧೂಳು, ಜಿನ್ನಿಂಗ್ ಮಿಲ್ಲಿನ ಹತ್ತಿಯ ಎಳೆ ಇನ್ಸುಲೇಟರ್ ಮೇಲೆ ಕೂತು, ಚಳಿಗಾಲದ ನಸುಕಿನ ಇಬ್ಬನಿಗೆ ಒದ್ದೆಯಾದಾಗ ಮೇಲ್ಮೈ ಮೇಲೆ ಕರೆಂಟು ಹರಿಯಲು ದಾರಿಯಾಗುತ್ತದೆ. ಅದಕ್ಕೆ ಮೇಲ್ಮೈ ದಾರಿಯ ಉದ್ದ, ಅಂದರೆ ಕ್ರೀಪೇಜ್ ಜಾಸ್ತಿ ಕೇಳುತ್ತೇವೆ. ಹಳೆಯ ಪದ್ಧತಿಯಲ್ಲಿ ಹೆಚ್ಚು ಮಾಲಿನ್ಯಕ್ಕೆ ಪ್ರತಿ ಕೆವಿಗೆ 25 ಮಿ.ಮೀ. 110ರ ವ್ಯವಸ್ಥೆಗೆ ಗರಿಷ್ಠ ವೋಲ್ಟೇಜು 123 ಕೆವಿ, ಹಾಗಾಗಿ 3075 ಮಿ.ಮೀ. ಈಗಿನ ಐಇಸಿ 60815ರಲ್ಲಿ ಅದನ್ನೇ 43.3 ಎಂದು ಬರೆಯುತ್ತಾರೆ, ಯಾಕೆಂದರೆ ಅದು ಫೇಸ್‌ನಿಂದ ನೆಲಕ್ಕಿರುವ ವೋಲ್ಟೇಜಿಗೆ ಲೆಕ್ಕ. ಎರಡೂ ಒಂದೇ ಇನ್ಸುಲೇಟರ್. ಟೆಂಡರಿನಲ್ಲಿ ಒಂದು ಪದ್ಧತಿ, ತಯಾರಕರ ಹಾಳೆಯಲ್ಲಿ ಇನ್ನೊಂದು ಇದ್ದರೆ ಸುಮ್ನೆ ಗೊಂದಲ. ಮತ್ತೆ ಕ್ರೀಪೇಜ್ ಹೆಚ್ಚಿಸಿದರೆ ಪಿಂಗಾಣಿಯ ತಟ್ಟೆಗಳು ಅಗಲ ಆಗುತ್ತವೆ, ಗಾಳಿ ಹಿಡಿಯುವ ಮೈ ಹೆಚ್ಚುತ್ತದೆ. ಎಲೆಕ್ಟ್ರಿಕಲ್ ಕಡೆಯವರು ಅದನ್ನು ಬದಲಿಸಿದರೆ ಸ್ಟ್ರಕ್ಚರ್ ಕಡೆಯವರಿಗೆ ಹೇಳಲೇಬೇಕು.

ಮೂರನೆಯದು: ಶಾರ್ಟ್ ಸರ್ಕ್ಯೂಟ್ ಬಲ

ಅಕ್ಕಪಕ್ಕದ ಎರಡು ಟ್ಯೂಬಿನಲ್ಲಿ ಕರೆಂಟು ಹರಿದರೆ ಅವು ಒಂದನ್ನೊಂದು ಎಳೆಯುತ್ತವೆ ಅಥವಾ ತಳ್ಳುತ್ತವೆ. ದಿನಾ ಹರಿಯುವ ಕರೆಂಟಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಈ ಬಲ ಕರೆಂಟಿನ ವರ್ಗಕ್ಕೆ ಸಮನಾಗಿ ಏರುತ್ತದೆ. ಕರೆಂಟು ಹತ್ತು ಪಟ್ಟಾದರೆ ಬಲ ನೂರು ಪಟ್ಟು.

ನಮ್ಮ ಉದಾಹರಣೆಯ ಯಾರ್ಡಿನ ಫಾಲ್ಟ್ ಲೆವೆಲ್, ಅಂದರೆ ಶಾರ್ಟ್ ಸರ್ಕ್ಯೂಟ್ ಆದಾಗ ಹರಿಯಬಹುದಾದ ಕರೆಂಟು, 31.5 ಕಿಲೋಆಂಪಿಯರ್ ಇರಲಿ. 50 ಹರ್ಟ್ಸ್ ವ್ಯವಸ್ಥೆಯಲ್ಲಿ ಮೊದಲ ಅಲೆಯ ತುದಿ ಸುಮಾರು ಅದರ 2.5 ಪಟ್ಟು, ಅಂದರೆ 78.75 ಕಿಲೋಆಂಪಿಯರ್. ಲೆಕ್ಕಕ್ಕೆ ಬೇಕಾದದ್ದು ಈ ತುದಿ. 31.5 ಅಲ್ಲ. ಮೂರು ಫೇಸಿನ ಫಾಲ್ಟಿನಲ್ಲಿ ನಡುವಿನ ಟ್ಯೂಬಿಗೆ ಬೀಳುವ ಬಲ, ಪ್ರತಿ ಮೀಟರಿಗೆ ನ್ಯೂಟನ್‌ನಲ್ಲಿ, ಹೀಗೆ: 0.1732 × ತುದಿ ಕರೆಂಟಿನ ವರ್ಗ (ಕಿಲೋಆಂಪಿಯರಿನಲ್ಲಿ) ÷ ಫೇಸುಗಳ ಅಂತರ (ಮೀಟರಿನಲ್ಲಿ). ಅಂತರ 3 ಮೀಟರ್ ಇಟ್ಟರೆ 358 ನ್ಯೂಟನ್ ಬರುತ್ತದೆ.

ಈಗ ಟ್ಯೂಬ್ 12 ಮೀಟರ್ ಉದ್ದ, ನಡುವೆ ಒಂದು, ತುದಿಗೆ ಎರಡು ಆಧಾರ ಇವೆ ಅಂದುಕೊಳ್ಳಿ. ಒಂದೊಂದು ಅಂಕಣ, ಅಂದರೆ ಎರಡು ಆಧಾರಗಳ ನಡುವಿನ ಅಂತರ, 6 ಮೀಟರ್. ಬಹಳ ಜನ ಇಲ್ಲಿ 358ನ್ನು 6ರಿಂದ ಗುಣಿಸಿ ನಿಲ್ಲಿಸುತ್ತಾರೆ. ಆದರೆ ಎರಡು ಅಂಕಣದ ಮೇಲೆ ಒಂದೇ ಟ್ಯೂಬ್ ಹಾಯ್ದಾಗ ನಡುವಿನ ಆಧಾರ ಹೆಚ್ಚಿಗೆ ಹೊರುತ್ತದೆ, ಒಂದು ಅಂಕಣದ 1.25 ಪಟ್ಟು. ತುದಿಯವು 0.375 ಪಟ್ಟು ಮಾತ್ರ. ಹಾಗಾಗಿ ನಡುವಿನ ಬಿಪಿಐಗೆ 358 × 6 × 1.25, ಅಂದರೆ 2685 ನ್ಯೂಟನ್.

ಐಇಸಿ 60865 ಇಲ್ಲಿಗೇ ನಿಲ್ಲುವುದಿಲ್ಲ. ಟ್ಯೂಬಿನ ಸ್ವಂತ ಕಂಪನಕ್ಕೆ ಒಂದು ಗುಣಕ, ಬ್ರೇಕರ್ ತಾನಾಗಿ ಮತ್ತೆ ಮುಚ್ಚಿದಾಗ ಬೀಳುವ ಎರಡನೇ ಹೊಡೆತಕ್ಕೆ ಇನ್ನೊಂದು ಗುಣಕ ಕೊಡುತ್ತದೆ. ನಮ್ಮ ಟ್ಯೂಬಿನಂಥ ನಿಧಾನ ಕಂಪನದವಕ್ಕೆ ಮೊದಲನೆಯದು 1ಕ್ಕಿಂತ ಕಡಿಮೆ, ಎರಡನೆಯದು 1ಕ್ಕಿಂತ ಜಾಸ್ತಿ. ಎರಡರ ಗುಣಲಬ್ಧವನ್ನು ಇಲ್ಲಿ 1 ಎಂದು ಹಿಡಿದಿದ್ದೇನೆ. ನಿಮ್ಮ ಲೆಕ್ಕದಲ್ಲಿ ಎರಡನ್ನೂ ಬಿಡಿಸಿ ತೋರಿಸಿ. ಆಟೋ ರೀಕ್ಲೋಸ್ ಇದೆಯೋ ಇಲ್ಲವೋ ಎಂದು ಪ್ರೊಟೆಕ್ಷನ್ ವಿಭಾಗದವರನ್ನು ಕೇಳದೆ ಮುಂದೆ ಹೋಗಬೇಡಿ.

ನಾಲ್ಕನೆಯದು: ಗಾಳಿ

ಗದಗಿನ ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳು ಸಾಲುಸಾಲಾಗಿ ನಿಂತಿರುವುದನ್ನು ನೋಡಿ, ಅಲ್ಲಿ ಡಿಸೈನ್ ಗಾಳಿಯೂ ಜಾಸ್ತಿ ಎಂದು ಕೆಲವರು ಅಂದುಕೊಳ್ಳುತ್ತಾರೆ. ಗಾಳಿಯಂತ್ರಕ್ಕೆ ಬೇಕಾದದ್ದು ವರ್ಷವಿಡೀ ಬೀಸುವ ಸರಾಸರಿ ಗಾಳಿ. ನಮಗೆ ಬೇಕಾದದ್ದು 50 ವರ್ಷದಲ್ಲಿ ಒಮ್ಮೆ ಬರಬಹುದಾದ 3 ಸೆಕೆಂಡಿನ ಬೀಸು. ಏಪ್ರಿಲ್, ಮೇ ತಿಂಗಳ ಸಂಜೆಯ ಅಡ್ಡಮಳೆಯಲ್ಲಿ ತಗಡು ಹಾರಿಸಿಕೊಂಡು ಹೋಗುತ್ತದಲ್ಲ, ಅಂಥದ್ದು.

ಐಎಸ್ 875ರ ನಕ್ಷೆಯಲ್ಲಿ ದೇಶವನ್ನು ಸೆಕೆಂಡಿಗೆ 33, 39, 44, 47, 50, 55 ಮೀಟರ್ ಎಂದು ಹಂಚಿದ್ದಾರೆ. ನಿಮ್ಮ ಜಾಗದ ಅಂಕಿಯನ್ನು ನಕ್ಷೆಯಿಂದಲೇ ತೆಗೆಯಿರಿ. ಉದಾಹರಣೆಗೆ ನಾನು 39 ಹಿಡಿಯುತ್ತೇನೆ. ವಿದ್ಯುತ್ ಸ್ಥಾವರದಂಥ ಮುಖ್ಯ ರಚನೆಗೆ ಅಪಾಯದ ಗುಣಕ 1.06. ಬಯಲು ನೆಲ, 10 ಮೀಟರಿನ ಒಳಗಿನ ಎತ್ತರಕ್ಕೆ ಉಳಿದ ಗುಣಕಗಳು 1. ವೇಗ 41.34 ಆಯಿತು. ಒತ್ತಡ ಎಂದರೆ 0.6 × ವೇಗದ ವರ್ಗ, ಪ್ರತಿ ಚದರ ಮೀಟರಿಗೆ 1025 ನ್ಯೂಟನ್.

3 ಇಂಚಿನ ಟ್ಯೂಬಿನ ಹೊರ ವ್ಯಾಸ 88.9 ಮಿ.ಮೀ. ದುಂಡು ಮೈಗೆ ಬಲದ ಗುಣಕ 1.2. ಪ್ರತಿ ಮೀಟರಿಗೆ 109 ನ್ಯೂಟನ್. ನಡುವಿನ ಆಧಾರಕ್ಕೆ ಮತ್ತೆ 6 × 1.25, ಸುಮಾರು 820 ನ್ಯೂಟನ್. ಇನ್ಸುಲೇಟರಿನ ಮೈಗೇ ಬಡಿಯುವ ಗಾಳಿ ಸುಮಾರು 300 ನ್ಯೂಟನ್. ಅದು ನಡುಮಟ್ಟದಲ್ಲಿ ಬೀಳುವುದರಿಂದ ತಲೆಯ ಲೆಕ್ಕಕ್ಕೆ ಅರ್ಧ, 150.

820 ಮತ್ತು 2685 ಕೂಡಿಸಿ. 3505. ನಮ್ಮ ಹುಡುಗ ತಂದ 3.5 ಇದೇ.

ಮೆಲ್ಲನೆಯ ಗಾಳಿಯ ಬಗ್ಗೆಯೂ ಹೇಳಬೇಕು. ಟ್ಯೂಬಿನ ಹಿಂದೆ ಗಾಳಿ ಸುಳಿಸುಳಿಯಾಗಿ ಬಿಡಿಸಿಕೊಳ್ಳುತ್ತದೆ. ಆ ಸುಳಿಗಳ ಲಯ ಟ್ಯೂಬಿನ ಸ್ವಂತ ಲಯಕ್ಕೆ ಕೂಡಿತು ಅಂದರೆ ಟ್ಯೂಬ್ ಗಂಟೆಗಟ್ಟಲೆ ನಡುಗುತ್ತದೆ. ನಮ್ಮ 6 ಮೀಟರ್ ಅಂಕಣದ ಟ್ಯೂಬಿನ ಲಯ ಸೆಕೆಂಡಿಗೆ ಸುಮಾರು 10. ಸೆಕೆಂಡಿಗೆ ನಾಲ್ಕೂವರೆ ಮೀಟರ್ ವೇಗದ ಗಾಳಿ ಸಾಕು, ಲಯ ಕೂಡಲು. ಗಾಳಿಯಂತ್ರದ ರೆಕ್ಕೆ ಆಗತಾನೆ ತಿರುಗಲು ಶುರುವಾಗುವ ಗಾಳಿ ಅದು. ಇಲ್ಲಿ ಗದಗದ ಗಾಳಿಯಂತ್ರ ನಿಜವಾಗಿ ಪಾಠ ಹೇಳುತ್ತದೆ. ಅಂಥ ಗಾಳಿ ಆ ಕಡೆ ದಿನಗಟ್ಟಲೆ ಬೀಸುತ್ತದೆ. ಬಲ ಸಣ್ಣದೇ, ಆದರೆ ಲಕ್ಷಗಟ್ಟಲೆ ಸಲ ಬಿದ್ದರೆ ಕ್ಲ್ಯಾಂಪಿನ ಬೋಲ್ಟ್ ಸಡಿಲಾಗುತ್ತದೆ, ವೆಲ್ಡಿನಲ್ಲಿ ಬಿರುಕು ಬರುತ್ತದೆ. ಪರಿಹಾರ ಸುಲಭದ್ದು. ಟ್ಯೂಬಿನ ಒಳಗೆ ಎಸಿಎಸ್‌ಆರ್ (ನಡುವೆ ಉಕ್ಕಿನ ಎಳೆ ಇರುವ ಅಲ್ಯೂಮಿನಿಯಂ) ತಂತಿಯ ಉದ್ದನೆಯ ತುಂಡನ್ನು ಸಡಿಲವಾಗಿ ಹಾಕಿ, ಒಂದು ತುದಿಯ ಮುಚ್ಚಳಕ್ಕೆ ಕಟ್ಟಿ. ಅದು ಒಳಗೆ ಮೈ ಉಜ್ಜಿ ನಡುಕವನ್ನು ನುಂಗುತ್ತದೆ. ಆ ತಂತಿಯ ತೂಕವನ್ನು ಟ್ಯೂಬಿನ ಜೋಲಿನ ಲೆಕ್ಕಕ್ಕೆ ಸೇರಿಸುವುದನ್ನು ಮರೆಯಬೇಡಿ.

ಐದನೆಯದು: ಎಲ್ಲವನ್ನೂ ಇನ್ಸುಲೇಟರಿನ ತಲೆಗೆ ತನ್ನಿ

ಈ ಬರಹದ ಗಂಟು ಇಲ್ಲಿದೆ. ಟ್ಯೂಬಿನ ನಡುಗೆರೆ ಇನ್ಸುಲೇಟರಿನ ತಲೆಯಿಂದ ಮೇಲಿದೆ. ಕ್ಲ್ಯಾಂಪಿನ ಎತ್ತರ 150 ಮಿ.ಮೀ. ಎಂದಿಟ್ಟುಕೊಳ್ಳಿ. ಬಲ ಬೀಳುವುದು ಬುಡದಿಂದ 1370 ಮಿ.ಮೀ. ಮೇಲೆ. 4 ಕಿಲೋನ್ಯೂಟನ್ ಬರೆದದ್ದು 1220ಕ್ಕೆ. ಹಾಗಾಗಿ ಟ್ಯೂಬಿನ ಬಲವನ್ನೆಲ್ಲ 1370 ÷ 1220, ಅಂದರೆ 1.123ರಿಂದ ಗುಣಿಸಬೇಕು.

ಶಾರ್ಟ್ ಸರ್ಕ್ಯೂಟ್ 2685 ಇದ್ದದ್ದು 3015 ಆಯಿತು. ಗಾಳಿ 820 ಇದ್ದದ್ದು 921, ಅದಕ್ಕೆ ಮೈಯ 150 ಸೇರಿ 1071. ಗಾಳಿಗೆ 2.5ರ ಗುಣಕ ಹಾಕಿದರೆ 2678. ಎರಡನ್ನೂ ಕೂಡಿಸಿದರೆ 5693 ನ್ಯೂಟನ್. ಸಿ4 ಸಾಲದು. ಸಿ6 ಬೇಕು, ಅದೂ ಅಂಚಿನಲ್ಲಿ ಪಾಸು.

ಇದು ಐಇಇಇಯ ಹಳೆಯ ದಾರಿ. ದೊಡ್ಡ ಗಾಳಿಯೂ ದೊಡ್ಡ ಫಾಲ್ಟೂ ಒಟ್ಟಿಗೆ ಬಂದವು ಎಂದು ಹಿಡಿಯುತ್ತದೆ. ಐಇಸಿ 61936-1ರ ದಾರಿ ಬೇರೆ. ಅದು ಸಾಮಾನ್ಯ ಸ್ಥಿತಿ, ಅಪರೂಪದ ಸ್ಥಿತಿ ಎಂದು ಎರಡು ಮಾಡುತ್ತದೆ. ಗಾಳಿ ಸಾಮಾನ್ಯದಲ್ಲಿ ಬರುತ್ತದೆ. ಶಾರ್ಟ್ ಸರ್ಕ್ಯೂಟ್ ಅಪರೂಪದಲ್ಲಿ ಬರುತ್ತದೆ, ಆಗ ಗರಿಷ್ಠ ಗಾಳಿಯನ್ನು ಜೊತೆಗೆ ಸೇರಿಸುವುದಿಲ್ಲ. ಆ ದಾರಿಯಲ್ಲಿ ನಮ್ಮ ಬಿಪಿಐ ಗಾಳಿಗೆ 2678, ಫಾಲ್ಟಿಗೆ 3015 ಬೇರೆ ಬೇರೆಯಾಗಿ ಹೊರುತ್ತದೆ. ಎರಡೂ 4000ದ ಒಳಗೆ. ಅದೇ ಸಿ4 ಪಾಸಾಯಿತು!

ಯಾವುದು ಸರಿ? ಗಿರಾಕಿಯ ಟೆಂಡರಿನಲ್ಲಿ ಏನು ಬರೆದಿದೆಯೋ ಅದು. ಬರೆಯದಿದ್ದರೆ ಕೇಳಿ, ಉತ್ತರವನ್ನು ಪತ್ರದಲ್ಲೇ ಪಡೆಯಿರಿ. ನನ್ನ ಅಭಿಪ್ರಾಯ ಕೇಳಿದರೆ ಸಿ6 ಹಾಕುತ್ತೇನೆ. ಕಾರಣ ಗಾಳಿಯಲ್ಲ, ಫಾಲ್ಟ್ ಲೆವೆಲ್. ಹೊಸ ಲೈನು, ಹೊಸ ಟ್ರಾನ್ಸ್‌ಫಾರ್ಮರ್ ಸೇರಿದ ಹಾಗೆ ಯಾರ್ಡಿನ ಫಾಲ್ಟ್ ಲೆವೆಲ್ ಏರುತ್ತಾ ಹೋಗುತ್ತದೆ. ಇವತ್ತಿನ 31.5 ನಾಳೆ 40 ಆದರೆ ಬಲ 1.6 ಪಟ್ಟು, 3015 ಇದ್ದದ್ದು 4860 ದಾಟುತ್ತದೆ. ಆಗ ಯಾವ ದಾರಿಯಲ್ಲಿ ಹೋದರೂ ಸಿ4 ಉಳಿಯುವುದಿಲ್ಲ. ನಡೆಯುತ್ತಿರುವ ಯಾರ್ಡಿನಲ್ಲಿ ಬಸ್ ಬಂದ್ ಮಾಡಿ ಒಂದೊಂದೇ ಬಿಪಿಐ ಬದಲಿಸುವ ಕಷ್ಟ ನೋಡಿದವರಿಗೆ ಸಿ6ರ ಹೆಚ್ಚಿನ ಬೆಲೆ ದೊಡ್ಡದೆನಿಸುವುದಿಲ್ಲ.

ಸಿ6 ಸಿಗದಿದ್ದರೆ? ಅಂಕಣ ಗಿಡ್ಡ ಮಾಡಬಹುದು, ಬಲ ನೇರವಾಗಿ ಇಳಿಯುತ್ತದೆ. ಫೇಸುಗಳ ಅಂತರ ಹೆಚ್ಚಿಸಬಹುದು, ಆದರೆ ಜಾಗ ಬೇಕು. ಗಿಡ್ಡ ಕ್ಲ್ಯಾಂಪ್ ಹುಡುಕಬಹುದು, 50 ಮಿ.ಮೀ. ಇಳಿದರೂ ಲಾಭವೇ. ಕ್ಲ್ಯಾಂಪಿನ ಎತ್ತರವನ್ನು ತಯಾರಕರ ನಕ್ಷೆಯಿಂದ ತೆಗೆಯಿರಿ, ಊಹೆ ಮಾಡಬೇಡಿ.

ಭೂಕಂಪದ ಲೆಕ್ಕ 110 ಕೆವಿಗೆ ಬೇಗ ಮುಗಿಯುತ್ತದೆ. ಐಎಸ್ 1893ರ 2016ರ ಆವೃತ್ತಿಯಲ್ಲಿ ಧಾರವಾಡ ವಲಯ 3ರಲ್ಲಿದೆ, ಗುಣಕ 0.16. ಮೇಲಿನ ತೂಕ ಕಡಿಮೆ ಇರುವುದರಿಂದ ಬಲ ಕೆಲವು ನೂರು ನ್ಯೂಟನ್ ದಾಟುವುದಿಲ್ಲ. ಆದರೂ ಹಾಳೆಯಲ್ಲಿ ಇರಲಿ. 220 ಕೆವಿಗೆ, ತಲೆ ಭಾರದ ಉಪಕರಣಗಳಿಗೆ ಮಾತ್ರ ಸರಿಯಾಗಿ ಕೂತು ಮಾಡಿ.

ಆರನೆಯದು: ಬಿಸಿಲು ಉದ್ದ ಮಾಡುವ ಟ್ಯೂಬ್

ಅಲ್ಯೂಮಿನಿಯಂ ಪ್ರತಿ ಡಿಗ್ರಿಗೆ ಮೀಟರಿಗೆ 0.023 ಮಿ.ಮೀ. ಹಿಗ್ಗುತ್ತದೆ. ಚಳಿಗಾಲದ ನಸುಕಿನಲ್ಲಿ 15 ಡಿಗ್ರಿ, ಬೇಸಿಗೆಯ ಮಧ್ಯಾಹ್ನ ಪೂರ್ತಿ ಲೋಡಿನಲ್ಲಿ 85 ಡಿಗ್ರಿ ಎಂದರೆ 70 ಡಿಗ್ರಿಯ ಅಂತರ. 12 ಮೀಟರ್ ಟ್ಯೂಬು 19 ಮಿ.ಮೀ. ಉದ್ದ ಆಗುತ್ತದೆ. ಅದನ್ನು ಪೂರ್ತಿ ತಡೆದು ಹಿಡಿಯಲು ನೋಡಿದರೆ 3 ಇಂಚಿನ ಟ್ಯೂಬಿನಲ್ಲಿ 160 ಕಿಲೋನ್ಯೂಟನ್‌ವರೆಗೆ ಒತ್ತಡ ಹುಟ್ಟಬಲ್ಲದು. ನಮ್ಮ ಇನ್ಸುಲೇಟರ್ ತಡೆಯುವುದು 4 ಅಥವಾ 6. ಸ್ಟ್ರಕ್ಚರ್ ಬಾಗುವುದರಿಂದ ಅಷ್ಟು ಪೂರ್ತಿ ಬರುವುದಿಲ್ಲ ನಿಜ. ಆದರೆ ಪಿಂಗಾಣಿ ಮುರಿಯಲು ಅಷ್ಟು ಬೇಕಾಗಿಯೂ ಇಲ್ಲ.

ನಿಯಮ ಸರಳ. ಒಂದು ಟ್ಯೂಬಿಗೆ ಒಂದೇ ಬಿಗಿ ಕ್ಲ್ಯಾಂಪ್. ಉಳಿದವೆಲ್ಲ ಜಾರುವಂಥವು. ನಡುವೆ ಬಿಗಿ ಮಾಡಿದರೆ ಎರಡೂ ಕಡೆ 10 ಮಿ.ಮೀ. ಹಂಚಿಕೆಯಾಗುತ್ತದೆ. ಟ್ಯೂಬಿನಿಂದ ಟ್ಯೂಬಿಗೆ, ಟ್ಯೂಬಿನಿಂದ ಐಸೋಲೇಟರ್ (ಲೈನು ಬಿಡಿಸುವ ದೊಡ್ಡ ಸ್ವಿಚ್ಚು) ಪ್ಯಾಡಿಗೆ ಹೋಗುವಾಗ ಬಾಗುವ ಜೋಡಣೆ ಹಾಕಿ.

ಗದಗ ಕಡೆಯ ಒಂದು ಕಾರ್ಖಾನೆಯ ಯಾರ್ಡಿನಲ್ಲಿ ಬಿಪಿಐ ಒಂದರ ಬುಡದ ಫ್ಲ್ಯಾಂಜಿನ ಹತ್ತಿರ ಕೂದಲೆಳೆಯ ಬಿರುಕು ಬಂದಿತ್ತು. ಡಿಸೈನ್ ನನ್ನದೇ ಆಗಿದ್ದರಿಂದ ಎದೆ ಧಸಕ್ಕೆಂದಿತು. ಹೋಗಿ ನೋಡಿದರೆ ನಕ್ಷೆಯಲ್ಲಿ ಜಾರುವ ಕ್ಲ್ಯಾಂಪ್ ಇದ್ದ ಜಾಗದಲ್ಲಿ ಜಾರುವ ಕ್ಲ್ಯಾಂಪೇ ಇತ್ತು. ಆದರೆ ಅದರ ಬೋಲ್ಟುಗಳನ್ನೂ ಉಳಿದವುಗಳಷ್ಟೇ ಬಿಗಿದಿದ್ದರು. ಟ್ಯೂಬು ಜಾರಲು ಜಾಗವೇ ಇರಲಿಲ್ಲ. ಕೆಲಸ ಮಾಡಿದವರು ಕಾಳಜಿಯಿಂದಲೇ ಬಿಗಿದಿದ್ದರು. ಯಾವುದನ್ನು ಬಿಗಿಯಬಾರದು ಎಂದು ನಕ್ಷೆಯಲ್ಲಿ ನಾನು ಬರೆದಿರಲಿಲ್ಲ. ಆಮೇಲಿನಿಂದ ನನ್ನ ಎಲ್ಲ ನಕ್ಷೆಗಳಲ್ಲಿ ಜಾರುವ ಕ್ಲ್ಯಾಂಪಿನ ಪಕ್ಕ ಕನ್ನಡದಲ್ಲೇ "ಟ್ಯೂಬು ಸರಿಯಲು ಸಡಿಲ ಇರಲಿ" ಎಂದು ದೊಡ್ಡದಾಗಿ ಬರೆಯುತ್ತೇನೆ.

ಏಳನೆಯದು: ಸ್ಟ್ರಕ್ಚರ್ ಮತ್ತು ಬೋಲ್ಟ್

ಇನ್ಸುಲೇಟರಿನ ಬುಡ ನೆಲದಿಂದ ಕನಿಷ್ಠ 2.5 ಮೀಟರ್ ಇರಬೇಕು ಎನ್ನುವ ರೂಢಿಯಿಂದ ಸ್ಟ್ರಕ್ಚರಿನ ಎತ್ತರ ಹುಟ್ಟುತ್ತದೆ. ಈಗ ತೋಳು 2.5 + 1.37, ಅಂದರೆ 3.87 ಮೀಟರ್. ಫಾಲ್ಟಿನ 2685 ನ್ಯೂಟನ್ ಬುಡಕ್ಕೆ 10.4 ಕಿಲೋನ್ಯೂಟನ್-ಮೀಟರ್ ಬಾಗು ಕೊಡುತ್ತದೆ. ಗಮನಿಸಿ, ಇಲ್ಲಿ 3015 ಬಳಸಬಾರದು. ಅದು ಇನ್ಸುಲೇಟರಿನ ತಲೆಗೆ ಬದಲಿಸಿದ ಅಂಕಿ. ಸ್ಟ್ರಕ್ಚರಿಗೆ ನಿಜವಾದ ಬಲ, ನಿಜವಾದ ಎತ್ತರ. ನಾಲ್ಕು ಬೋಲ್ಟುಗಳು 300 ಮಿ.ಮೀ. ಅಂತರದಲ್ಲಿದ್ದರೆ ಎಳೆತದ ಬದಿಯ ಒಂದೊಂದಕ್ಕೆ 17 ಕಿಲೋನ್ಯೂಟನ್.

ಉಕ್ಕಿಗೆ ಬಲಕ್ಕಿಂತ ಬಾಗುವಿಕೆ ಮುಖ್ಯ. ಅಮೆರಿಕದ ಎಎಸ್‌ಸಿಇ 113 ಬಸ್ ಆಧಾರದಂಥವಕ್ಕೆ ಎತ್ತರದ 100ರಲ್ಲಿ 1 ಭಾಗದ ಮಿತಿ ಹೇಳುತ್ತದೆ. 2.5 ಮೀಟರಿಗೆ 25 ಮಿ.ಮೀ. ಮೇಲಿನ ಪ್ಲೇಟು ಸಮ ಇರಲಿ. ಸತು ಲೇಪನದ ಗಂಟುಗಳಿದ್ದರೆ ಕೆರೆದು ತೆಗೆಯಿರಿ. ವಾರೆ ಪ್ಲೇಟಿನ ಮೇಲೆ ಪಿಂಗಾಣಿಯ ಫ್ಲ್ಯಾಂಜನ್ನು ಜಗ್ಗಿ ಬಿಗಿದರೆ ಕರೆಂಟು ಕೊಡುವ ಮೊದಲೇ ಅದರ ಅರ್ಧ ಬಲ ಹೋದಂತೆ. ಸಂದಿಗೆ ಉಕ್ಕಿನ ತೆಳು ಪಟ್ಟಿ (ಶಿಮ್) ಹಾಕಿ, ಎದುರುಬದುರು ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ, ಟಾರ್ಕ್ ಪಾನಾ ಹಿಡಿದು ಬಿಗಿಸಿ.

ಎಂಟನೆಯದು: ಪಾಯಾ, ಅದರಲ್ಲೂ ಎರೆ ಹೊಲದಲ್ಲಿ

ಬಸ್ ಆಧಾರದ ಪಾಯಾ ಮನೆಯ ಪಾಯಾದ ಹಾಗಲ್ಲ. ಕೆಳಕ್ಕೆ ಒತ್ತುವ ತೂಕ ಸ್ವಲ್ಪವೇ, ಪಕ್ಕಕ್ಕೆ ಉರುಳಿಸುವ ಬಲವೇ ಜಾಸ್ತಿ. ಕಾಂಕ್ರೀಟಿನ ಸ್ವಂತ ತೂಕವೇ ಅದನ್ನು ಹಿಡಿದು ನಿಲ್ಲಿಸಬೇಕು.

ಧಾರವಾಡದ ಪಶ್ಚಿಮಕ್ಕೆ ಕೆಂಪು ಮಸಾರಿ ಮಣ್ಣು ಸಿಕ್ಕರೆ ಕೆಲಸ ಹಗುರ. ಹುಬ್ಬಳ್ಳಿ ದಾಟಿ ಅಣ್ಣಿಗೇರಿ, ನವಲಗುಂದ, ರೋಣದ ಕಡೆ ಹೋದರೆ ಎರೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಹಗುರ ಪಾಯಾವನ್ನು ಎತ್ತಿಯೇ ಬಿಡುತ್ತದೆ.

ಎಷ್ಟು ಉಬ್ಬುವ ಮಣ್ಣು ಎಂದು ತಿಳಿಯಲು ಐಎಸ್ 2720 ಭಾಗ 40ರ ಸಣ್ಣ ಪರೀಕ್ಷೆ ಇದೆ. ಒಣಗಿಸಿ, ಪುಡಿ ಮಾಡಿ, 425 ಮೈಕ್ರಾನ್ ಜರಡಿ ಹಿಡಿದ ಮಣ್ಣು 10 ಗ್ರಾಂನ ಎರಡು ಪಾಲು. ಒಂದನ್ನು ನೀರಿನ ಅಳತೆ ಜಾಡಿಗೆ, ಇನ್ನೊಂದನ್ನು ಸೀಮೆಎಣ್ಣೆಯ ಜಾಡಿಗೆ ಹಾಕಿ 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಎರಡರ ವ್ಯತ್ಯಾಸವನ್ನು ಸೀಮೆಎಣ್ಣೆಯ ಅಳತೆಯಿಂದ ಭಾಗಿಸಿ ಶೇಕಡ ಮಾಡಿ. 50 ದಾಟಿತೆಂದರೆ ಬಿಡಿ ಬಿಡಿ ಹಗುರ ಪಾಯಾಗಳ ಆಸೆ ಬಿಡಿ. ಐಎಸ್ 2911 ಭಾಗ 3 ಹೇಳುವ ಬುಡ ಉಬ್ಬಿದ ಪೈಲುಗಳನ್ನು ಸುಮಾರು ಮೂರೂವರೆ ಮೀಟರ್ ಆಳಕ್ಕೆ, ಋತು ಬದಲಾದರೂ ಮಣ್ಣಿನ ತೇವ ಬದಲಾಗದ ಮಟ್ಟಕ್ಕೆ ಇಳಿಸಿ. ಪೈಲ್ ಕ್ಯಾಪಿನ, ಅಂದರೆ ಪೈಲುಗಳ ತಲೆಯ ಮೇಲಿನ ಕಾಂಕ್ರೀಟ್ ಹಾಸಿನ, ಕೆಳಗೆ ಸಂದು ಬಿಡಿ, ಇಲ್ಲದಿದ್ದರೆ ಉಬ್ಬಿದ ಎರೆ ಕ್ಯಾಪನ್ನೇ ತಳ್ಳುತ್ತದೆ.

ಪಾಯಾ ಎದ್ದರೆ ಬಿಪಿಐಗೆ ಏನಾಗುತ್ತದೆ ಎಂದು ನಾನೂ ಮೊದಲು ತಪ್ಪು ತಿಳಿದಿದ್ದೆ. ನಡುವಿನ ಪಾಯಾ ನೆಟ್ಟಗೆ 20 ಮಿ.ಮೀ. ಎದ್ದಿತು ಅನ್ನಿ. ನಮ್ಮ 12 ಮೀಟರ್ ಟ್ಯೂಬ್ ಮೆತ್ತಗೆ ಬಾಗಿ ಸಹಿಸಿಕೊಳ್ಳುತ್ತದೆ. ಬಲ 50 ನ್ಯೂಟನ್ ಕೂಡ ಬರುವುದಿಲ್ಲ. ಕಷ್ಟ ಕೊಡುವುದು ವಾಲುವಿಕೆ. ಪಾಯಾದ ಒಂದು ಬದಿಗೆ ನೀರು ನಿಂತು, ಇನ್ನೊಂದು ಬದಿ ಒಣಗಿದ್ದರೆ ಅದು ಓರೆಯಾಗುತ್ತದೆ. ಒಂದೇ ಒಂದು ಡಿಗ್ರಿ ವಾಲಿದರೂ 3.87 ಮೀಟರ್ ಮೇಲೆ 67 ಮಿ.ಮೀ. ಸರಿಯುತ್ತದೆ. ಟ್ಯೂಬಿನ ಉದ್ದಕ್ಕೆ ವಾಲಿದರೆ ಜಾರುವ ಕ್ಲ್ಯಾಂಪಿನ ದಾರಿಯೆಲ್ಲ ಮುಗಿದು, ಬಿಸಿಲಿಗೆ ಹಿಗ್ಗಲು ಜಾಗ ಉಳಿಯುವುದಿಲ್ಲ. ಅಡ್ಡಕ್ಕೆ ವಾಲಿದರೆ ಐಸೋಲೇಟರಿನ ಕಾಂಟ್ಯಾಕ್ಟ್ ಸರಿಯಾಗಿ ಕೂರುವುದಿಲ್ಲ, ಬಿಸಿಯಾಗುತ್ತದೆ.

ಹಾಗಾಗಿ ಎರೆ ಹೊಲದ ಯಾರ್ಡಿನಲ್ಲಿ ಚರಂಡಿಯೂ ಸ್ಟ್ರಕ್ಚರ್ ಡಿಸೈನಿನ ಭಾಗವೇ. ಕೇಬಲ್ ಗುಂಡಿಯ ನೀರು ಪಾಯಾಗಳ ಸಾಲಿನ ಒಂದೇ ಬದಿಗೆ ಹರಿಯದಂತೆ ನೋಡಿ. ಅಗೆದು ತೆಗೆದ ಎರೆಯನ್ನೇ ಮತ್ತೆ ಪಾಯಾದ ಸುತ್ತ ತುಂಬಬೇಡಿ, ಗರಸು ತರಿಸಿ ಪದರ ಪದರವಾಗಿ ಬಡಿದು ತುಂಬಿ.

ಒಪ್ಪಿಸುವ ಮೊದಲು ಮಾಡಬೇಕಾದ ಅಳತೆ

ಟ್ಯೂಬ್ ಏರಿಸಿ ಮುಗಿದ ದಿನ ಪ್ರತಿ ಬಿಪಿಐ ತಲೆಯ ಮಟ್ಟ, ಅದರ ಎರಡು ದಿಕ್ಕಿನ ಲಂಬ, ಜಾರುವ ಕ್ಲ್ಯಾಂಪಿನಲ್ಲಿ ಎರಡೂ ಕಡೆ ಉಳಿದ ಸಂದು, ಆವತ್ತಿನ ಟ್ಯೂಬಿನ ಉಷ್ಣತೆ ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ಉಷ್ಣತೆ ಇಲ್ಲದೆ ಸಂದಿನ ಅಳತೆಗೆ ಅರ್ಥವಿಲ್ಲ. ಮೇ ತಿಂಗಳ ಮಧ್ಯಾಹ್ನ ಕ್ಲ್ಯಾಂಪಿನ ನಡುವೆ ಕೂರಿಸಿದ ಟ್ಯೂಬು ಡಿಸೆಂಬರಿನ ನಸುಕಿಗೆ ಒಂದು ಕಡೆಗೆ ಸರಿದಿರುತ್ತದೆ.

ಅದೇ ಹಾಳೆ ಹಿಡಿದು ಮೊದಲ ಮುಂಗಾರು ಮುಗಿದ ಮೇಲೆ, ಅಕ್ಟೋಬರ್ ಹೊತ್ತಿಗೆ, ಒಮ್ಮೆ ಅಳೆಯಿರಿ. ಮಣ್ಣು ಪೂರ್ತಿ ಒಣಗಿದ ಏಪ್ರಿಲ್‌ನಲ್ಲಿ ಇನ್ನೊಮ್ಮೆ. ಬಸ್ ಚಾಲೂ ಇರುವಾಗ ತಲೆಯ ಮಟ್ಟವನ್ನು ದೂರದಿಂದ ಲೆವೆಲ್ ಉಪಕರಣದಲ್ಲೇ ನೋಡಿ. ಕ್ಲ್ಯಾಂಪಿನ ಸಂದು ಮುಟ್ಟಿ ಅಳೆಯುವ ಕೆಲಸ ಬಸ್ ಬಂದ್ ಮಾಡಿ, ಅರ್ಥ್ ಹಾಕಿ, ಪರ್ಮಿಟ್ ಕೈಗೆ ಬಂದ ಮೇಲೆ ಮಾತ್ರ.